ಹ್ಯಾಮರ್‌ಸ್ಮಿತ್ ಸೇತುವೆ ಮೊದಲು ಬಸ್ಸಿಗೆ ತೆರೆಯಲಿ

ಲಂಡನ್ನಿನ ಥೇಮ್ಸ್ ನದಿಯ ಮೇಲೆ 1887ರಲ್ಲಿ ತೆರೆದ ಹ್ಯಾಮರ್‌ಸ್ಮಿತ್ ತೂಗುಸೇತುವೆಯನ್ನು ಜೋಸೆಫ್ ಬಾಜಲ್‌ಗೆಟ್ ರೂಪಿಸಿದ್ದು ಕುದುರೆಗಾಡಿಗಳ ಕಾಲದಲ್ಲಿ. ಮೋಟಾರು ಯುಗದಲ್ಲಿ ದಿನಕ್ಕೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಾಹನಗಳನ್ನು ಹೊತ್ತ ಅದು 2019ರ ಏಪ್ರಿಲ್‌ನಲ್ಲಿ ಅವುಗಳಿಗೆ ಮುಚ್ಚಿತು. ಎರಕದ ಕಬ್ಬಿಣದ ಪೀಠಗಳಲ್ಲಿ ಬಿರುಕು ಹೆಚ್ಚಿದಾಗ, 2020ರ ಆಗಸ್ಟ್‌ನಿಂದ ಸುಮಾರು ಒಂದು ವರ್ಷ ಪಾದಚಾರಿಗಳಿಗೂ ದಾರಿ ಇರಲಿಲ್ಲ. ನಡೆಯುವವರಿಗೂ ಸೈಕಲ್ಲಿಗರಿಗೂ ದಾರಿ ಮರಳಿ ಸಿಕ್ಕಿದೆ. ಮುಂದಿನ ಸರದಿ ಬಸ್ಸಿನದಾಗಬೇಕು, ಕಾರಿನದಲ್ಲ. ಕಾರುಗಳ ಸಾಲು ಸೇತುವೆಯನ್ನು ತುಂಬಿಯೂ ಸಾಗಿಸುವುದು ಕೆಲವೇ ಜನರನ್ನು. ಹಗುರವಾದ ಒಂದಂತಸ್ತಿನ ಬಸ್ಸು ಹತ್ತಾರು ಜನರನ್ನು ಒಮ್ಮೆಗೇ ದಾಟಿಸುತ್ತದೆ; ಏಕಕಾಲಕ್ಕೆ ಎಷ್ಟು ಬಸ್ಸು ಸೇತುವೆಯ ಮೇಲಿರಬೇಕೆಂದು ನಿಗದಿಪಡಿಸಿ ಭಾರವನ್ನು ಹತೋಟಿಯಲ್ಲಿಡಬಹುದು.

ಕಾರು ತಡೆದರೆ ಅಕ್ಕಪಕ್ಕದ ಪಟ್ನಿ, ಚಿಸ್ವಿಕ್ ಸೇತುವೆಗಳ ದಟ್ಟಣೆ ಇಳಿಯದು ಎಂಬ ಆಕ್ಷೇಪ ನಿಜವೇ. ಆದರೆ ಬಸ್ಸೂ ಇಲ್ಲದ ಇಂದಿನ ಸ್ಥಿತಿಯೇ ಜನರನ್ನು ಆ ಸುತ್ತುದಾರಿಗೆ ತಳ್ಳುತ್ತಿದೆ. ವೃದ್ಧರು, ಅಂಗವಿಕಲರ ಗತಿಯೇನೆಂದು ಕೇಳುವವರೂ ಇದ್ದಾರೆ. ನಡೆದು ದಾಟಲಾಗದವರಿಗೇ ಬಸ್ಸು ಎಲ್ಲರಿಗಿಂತ ಹೆಚ್ಚು ಬೇಕು. ಬಸ್ಸಿಗೂ ಸೇತುವೆಯನ್ನು ಬಲಪಡಿಸಬೇಕು, ಅದಕ್ಕೂ ಹಣ ಬೇಕು. ಆದರೆ ಎಲ್ಲ ವಾಹನಗಳಿಗೂ ತೆರೆಯುವ ಭಾರಿ ಯೋಜನೆಗೆ ಯಾರು ದುಡ್ಡು ಕೊಡಬೇಕೆಂಬ ಜಗ್ಗಾಟದಲ್ಲೇ ವರ್ಷಗಳು ಕಳೆದಿವೆ. ಎಲ್ಲವೂ ಬೇಕೆಂದು ಕಾಯುವುದಕ್ಕಿಂತ, ಹೆಚ್ಚು ಜನರಿಗೆ ಬೇಗ ದಕ್ಕುವುದನ್ನು ಸರ್ಕಾರವೂ ಸ್ಥಳೀಯ ಆಡಳಿತವೂ ಮೊದಲು ಮಾಡಲಿ.