ಇಲ್ಲದವರ ಮೇಲಿನ ದಂಡ

ನಮ್ಮ ಸಂಘದ ವಾಚನಾಲಯಕ್ಕೆ ಭಾನುವಾರ ತಪ್ಪದೆ ಬರುವ ಕುಂದಾಪುರ ಕಡೆಯ ಹೋಟೆಲ್ ಕಾರ್ಮಿಕರೊಬ್ಬರು 2025ರ ಅಕ್ಟೋಬರ್ ಕೊನೆಯಲ್ಲಿ ತಮ್ಮ ಪಾಸ್‌ಬುಕ್ಕನ್ನು ನನ್ನ ಮುಂದೆ ತೆರೆದಿಟ್ಟರು. ಮೂವತ್ತನಾಲ್ಕು ವರ್ಷ ಬ್ಯಾಂಕಿನ ಕೌಂಟರಿನ ಒಳಬದಿಯಲ್ಲಿ ಕುಳಿತವನೆಂಬ ಕಾರಣಕ್ಕೆ ಇಂಥ ಪುಸ್ತಕಗಳನ್ನು ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂದಿದೆ. ಹಿಂದೆ ಮುಂಬಯಿಯ ಖೋಲಿಗಳಲ್ಲಿ ಊರಿನ ಕಾಗದವನ್ನು ಓದಿ ಹೇಳುವವರಿದ್ದರು. ಈಗ ಪಾಸ್‌ಬುಕ್ ಓದಿ ಹೇಳುವವರು ಬೇಕಾಗಿದ್ದಾರೆ.

ಅದರಲ್ಲಿದ್ದ ಕಥೆ ಇಷ್ಟು. ಮಗಳ ಓದಿಗೆಂದು ಕೊಂಡ ಲ್ಯಾಪ್‌ಟಾಪಿನ ಸಾಲಕ್ಕೆ ತಿಂಗಳ ಕಂತು 2,350 ರೂಪಾಯಿ. ಕಂತು ಕಳೆಯುವ ದಿನ 5ನೇ ತಾರೀಕು. ಮಾಲೀಕರು ಸಂಬಳ ಕೊಡುವುದು 10ಕ್ಕೆ. ಅಕ್ಟೋಬರ್ 5 ಭಾನುವಾರ. ಖಾತೆಯಲ್ಲಿದ್ದದ್ದು 2,100. ಅಂದರೆ ಕೊರತೆ 250 ರೂಪಾಯಿ. ಭಾನುವಾರವೆಂದು ಯಂತ್ರ ಬಿಡುವುದಿಲ್ಲ. ಇಂಥ ಕಂತುಗಳನ್ನು ಸಾಗಿಸುವ 'ನ್ಯಾಚ್' ವ್ಯವಸ್ಥೆ 2021ರ ಆಗಸ್ಟ್ 1ರಿಂದ ವಾರದ ಏಳು ದಿನವೂ ನಡೆಯುತ್ತಿದೆ. ಕಂತು ಹಿಂದಿರುಗಿತು. ಬ್ಯಾಂಕು 500 ರೂಪಾಯಿ ಶುಲ್ಕ, ಅದರ ಮೇಲೆ ಶೇಕಡಾ 18 ಜಿ.ಎಸ್.ಟಿ. ಸೇರಿಸಿ 590 ರೂಪಾಯಿ ಕಳೆಯಿತು. 250 ರೂಪಾಯಿ ಸಾಲದೆ ಬಂದ ಖಾತೆಯಲ್ಲಿ ಈಗ ಕೊರತೆ 840. ಸಾಲ ಕೊಟ್ಟ ಕಂಪನಿ 8ನೇ ತಾರೀಕು ಅದೇ ಕಂತನ್ನು ಮತ್ತೊಮ್ಮೆ ಕಳುಹಿಸಿತು, ಅದೂ ಹಿಂದಿರುಗಿತು, ಇನ್ನೊಂದು 590. ಕಂಪನಿಯೂ ತನ್ನ ಲೆಕ್ಕದಲ್ಲಿ ಎರಡು ಬಾರಿ 590ರಂತೆ ಬರೆದುಕೊಂಡಿತು. ಒಟ್ಟು ದಂಡ 2,360 ರೂಪಾಯಿ. ಕಂತಿಗಿಂತ ಹತ್ತು ರೂಪಾಯಿ ಹೆಚ್ಚು. ಕಂತು ಮಾತ್ರ ಇನ್ನೂ ಬಾಕಿ!

"ನಾನ್ ಕೊಡುದಿಲ್ಲ ಅಂದಿದ್ನಾ ಮಾರಾಯ್ರೆ? ಐದ್ ದಿನ ತಡ ಆಯ್ತ್, ಅಷ್ಟೆ" ಎಂದು ಅವರು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಸುಮ್ಮನೆ ಒಂದು ಲೆಕ್ಕ ಹಾಕಿದೆ. ಆ 250 ರೂಪಾಯಿಯನ್ನು ಬ್ಯಾಂಕು ಐದು ದಿನಗಳ ಮಟ್ಟಿಗೆ ಓವರ್‌ಡ್ರಾಫ್ಟ್ ಎಂದು ಕೊಟ್ಟು, ವರ್ಷಕ್ಕೆ ಶೇಕಡಾ 18ರ ಬಡ್ಡಿ ಹಾಕಿದ್ದರೆ ಬರುತ್ತಿದ್ದುದು 62 ಪೈಸೆ. ವ್ಯಾಪಾರಿಗೆ, ಕಾರ್ಖಾನೆದಾರನಿಗೆ ಬ್ಯಾಂಕು ಪ್ರತಿನಿತ್ಯ ಇದನ್ನೇ ಮಾಡುತ್ತದೆ. ಅವನ ಖಾತೆ ಶೂನ್ಯಕ್ಕಿಂತ ಕೆಳಗಿಳಿದರೆ ಅದಕ್ಕೆ 'ಸೌಲಭ್ಯ' ಎಂದು ಹೆಸರು. ಹೋಟೆಲ್ ಕಾರ್ಮಿಕನ ಖಾತೆ ಶೂನ್ಯವನ್ನು ಮುಟ್ಟುವ ಮೊದಲೇ ಅದು 'ಅಶಿಸ್ತು' ಆಗುತ್ತದೆ.

ಬ್ಯಾಂಕುಗಳು ಈ ಹಣವನ್ನು ದಂಡವೆಂದು ಕರೆಯಲು ಒಪ್ಪುವುದಿಲ್ಲ; ಸೇವಾಶುಲ್ಕ ಎನ್ನುತ್ತವೆ. ಯಾವ ಸೇವೆ? ಹಣ ಪಾವತಿಸಿದರೆ ಸೇವೆ ಸರಿ. ಪಾವತಿಸಲು ನಿರಾಕರಿಸಿದ್ದೂ ಸೇವೆಯೇ? ಬಾಗಿಲು ಮುಚ್ಚಿದ್ದಕ್ಕೆ ಪ್ರವೇಶಶುಲ್ಕ ವಸೂಲು ಮಾಡಿದಂತಾಯಿತು. ಈ ಮಾತನ್ನು ನನ್ನ ಕೋಪ ಮಾತ್ರ ಹೇಳುತ್ತಿಲ್ಲ. ಕೇಂದ್ರ ಸರ್ಕಾರದ ಪರೋಕ್ಷ ತೆರಿಗೆ ಮಂಡಳಿಯೇ 2022ರ ಆಗಸ್ಟ್ 3ರ ಸುತ್ತೋಲೆಯಲ್ಲಿ, ಚೆಕ್ಕು ಅಮಾನ್ಯವಾದಾಗ ಮಾರಾಟಗಾರನಾಗಲಿ ಬ್ಯಾಂಕಾಗಲಿ ವಿಧಿಸುವ ಹಣ ಯಾವುದೇ ಸೇವೆಯ ಪ್ರತಿಫಲವಲ್ಲ, ಅದು ದಂಡ, ಆದ್ದರಿಂದ ತೆರಿಗೆಗೆ ಒಳಪಡುವುದಿಲ್ಲ ಎಂದು ಸ್ಪಷ್ಟಪಡಿಸಿತು. ಸುತ್ತೋಲೆ ಮಾತನಾಡಿದ್ದು ಚೆಕ್ಕಿನ ಕುರಿತು; ಆದರೆ ಕಾಗದದ ಚೆಕ್ಕಿಗೆ ಒಂದು ತರ್ಕ, ಯಂತ್ರದ ಆದೇಶಕ್ಕೆ ಇನ್ನೊಂದು ತರ್ಕ ಎನ್ನುವುದು ಹೇಗೆ? ಹಾಗಾದರೆ ನಮ್ಮ ಹೋಟೆಲ್ ಕಾರ್ಮಿಕರ ಪಾಸ್‌ಬುಕ್ಕಿನಲ್ಲಿ ಪ್ರತಿ ಸಲವೂ ಬಿದ್ದಿರುವ 90 ರೂಪಾಯಿ ತೆರಿಗೆ ಯಾವ ಸೇವೆಯ ಮೇಲಿನದು?

ಇದು ದಂಡವೆಂದು ಒಪ್ಪಿಕೊಂಡ ಮರುಕ್ಷಣ ಬ್ಯಾಂಕಿಗೆ ಇನ್ನೊಂದು ತೊಡಕು ಎದುರಾಗುತ್ತದೆ. 1872ರ ಕರಾರು ಕಾಯಿದೆಯ 74ನೇ ಕಲಮಿನ ಪ್ರಕಾರ ಕರಾರು ಮುರಿದವನಿಂದ ಪಡೆಯಬಹುದಾದದ್ದು ನ್ಯಾಯೋಚಿತ ಪರಿಹಾರ ಮಾತ್ರ; ಕರಾರಿನಲ್ಲಿ ಬರೆದ ಮೊತ್ತ ಅದಕ್ಕೊಂದು ಮೇಲ್ಮಿತಿಯೇ ಹೊರತು ತಾನಾಗಿ ಸಲ್ಲುವ ಹಕ್ಕಲ್ಲ. ಫತೇಚಂದ್ ಮೊಕದ್ದಮೆಯಲ್ಲಿ 1963ರಲ್ಲಿಯೇ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿದಿದೆ. ಶುಲ್ಕವೆನ್ನಿ ಎಂದರೆ ರಿಸರ್ವ್ ಬ್ಯಾಂಕಿನ ಮಾತು ಅಡ್ಡ ಬರುತ್ತದೆ: ದರ ನಿಗದಿಯನ್ನು 1999ರಲ್ಲಿ ಆಯಾ ಬ್ಯಾಂಕಿನ ಆಡಳಿತ ಮಂಡಳಿಗೆ ಬಿಟ್ಟುಕೊಟ್ಟಾಗ, ಶುಲ್ಕಗಳು ಸಮಂಜಸವಾಗಿರಬೇಕು, ಸೇವೆಗೆ ತಗಲುವ ಸರಾಸರಿ ವೆಚ್ಚವನ್ನು ಮೀರಿಹೋಗಬಾರದು ಎಂಬ ನಿಯಮವಿತ್ತು. ನಮ್ಮ ಕಾಲದಲ್ಲಿ ಚೆಕ್ಕು ಹಿಂದಿರುಗಿಸುವುದೆಂದರೆ ನಿಜವಾದ ಕೆಲಸ. ಲೆಡ್ಜರ್ ನೋಡಬೇಕು, ಮೆಮೊ ಬರೆಯಬೇಕು, ಅಧಿಕಾರಿ ಸಹಿ ಹಾಕಬೇಕು, ಕ್ಲಿಯರಿಂಗಿಗೆ ಮನುಷ್ಯ ಹೋಗಬೇಕು. ಅದಕ್ಕೂ ಮೊದಲು, ಗುರುತಿನ ಗ್ರಾಹಕನಾದರೆ, "ಸಂಜೆಯೊಳಗೆ ತುಂಬಿ ಹೋಗಿ" ಎಂದು ಫೋನು ಮಾಡುತ್ತಿದ್ದೆವು. ಇಂದು ಒಂದು ಗಣಕಯಂತ್ರ ಇನ್ನೊಂದಕ್ಕೆ 'ಇಲ್ಲ' ಎನ್ನುತ್ತದೆ. ಮನುಷ್ಯನ ಕೈ ತಾಗುವುದೇ ಇಲ್ಲ. ಕೆಲಸ ಮಾಯವಾಯಿತು, ಶುಲ್ಕ ಮಾತ್ರ ಕೊಬ್ಬಿತು.

ಕನಿಷ್ಠ ಶಿಲ್ಕಿನ ದಂಡದ ಚರಿತ್ರೆ ಇನ್ನೂ ಬೋಧಪ್ರದ. ಸ್ಟೇಟ್ ಬ್ಯಾಂಕು ಅದನ್ನು 2017ರ ಏಪ್ರಿಲಿನಲ್ಲಿ ಮರಳಿ ತಂದಿತು. ಆ ನವೆಂಬರ್ ವೇಳೆಗೆ 1,771 ಕೋಟಿ ರೂಪಾಯಿ ಸಂಗ್ರಹವಾಗಿತ್ತು. ಆ ವರ್ಷದ ಜುಲೈ-ಸೆಪ್ಟೆಂಬರ್ ತ್ರೈಮಾಸಿಕದ ಅದರ ನಿವ್ವಳ ಲಾಭವೇ 1,581 ಕೋಟಿ. ದೊಡ್ಡ ಸಾಲಗಾರರ ವಸೂಲಾಗದ ಸಾಲಗಳ ಹೊರೆಯಲ್ಲಿ ಬ್ಯಾಂಕುಗಳು ಬಳಲುತ್ತಿದ್ದ ಕಾಲವದು ಎಂಬುದನ್ನು ವಾಚಕರು ಮರೆತಿರಲಾರರು. 2023ರ ಆಗಸ್ಟಿನಲ್ಲಿ ಸರ್ಕಾರ ರಾಜ್ಯಸಭೆಗೆ ಕೊಟ್ಟ ಉತ್ತರದಂತೆ, ಸರ್ಕಾರಿ ಬ್ಯಾಂಕುಗಳು ಮತ್ತು ಐದು ಪ್ರಮುಖ ಖಾಸಗಿ ಬ್ಯಾಂಕುಗಳು 2018ರಿಂದ ಆವರೆಗೆ ಈ ಒಂದೇ ಬಾಬ್ತಿನಲ್ಲಿ ಪಡೆದದ್ದು ಸುಮಾರು 21,000 ಕೋಟಿ. ಇದ್ದವನು ಈ ದಂಡ ಕಟ್ಟುವುದಿಲ್ಲ ಎಂಬುದಕ್ಕೆ ವಿವರಣೆ ಬೇಡ.

ಸ್ಟೇಟ್ ಬ್ಯಾಂಕು 2020ರಲ್ಲಿ ಅದನ್ನು ಕೈಬಿಟ್ಟಿತು. 2025ರ ಜೂನ್ 1ರಿಂದ ಕೆನರಾ ಬ್ಯಾಂಕು ಎಲ್ಲ ಉಳಿತಾಯ ಖಾತೆಗಳಿಗೂ ಕೈಬಿಟ್ಟಿತು. ಹಿಂದೆಯೇ ಇನ್ನೂ ಕೆಲವು ಸರ್ಕಾರಿ ಬ್ಯಾಂಕುಗಳು ಬಂದವು. ಯಾವ ಬ್ಯಾಂಕೂ ಮುಳುಗಲಿಲ್ಲ. ಕೆನರಾ ಬ್ಯಾಂಕಿನ ಹೆಸರು ಬಂದಾಗ ಕರಾವಳಿಯ ನಮಗೆ ಸ್ವಲ್ಪ ಹೆಮ್ಮೆಯಾದರೆ ತಪ್ಪಲ್ಲ. 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಮಂಗಳೂರಿನಲ್ಲಿ ಕಟ್ಟಿದ ಸಂಸ್ಥೆ ಅದು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ 2020ರಲ್ಲಿ ಅದರಲ್ಲಿ ವಿಲೀನವಾದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು: ದಿನಕ್ಕೆ ಎರಡಾಣೆ, ಅದನ್ನೂ ಬ್ಯಾಂಕಿನ ಮನುಷ್ಯ ಮನೆ ಬಾಗಿಲಿಗೆ ಬಂದು ಒಯ್ಯುತ್ತಿದ್ದ. ನೇಕಾರನ ಎರಡಾಣೆ ತೀರ ಸಣ್ಣದೆಂದು ಅವರು ದಂಡ ಹಾಕಲಿಲ್ಲ. ಅಂಥ ಎರಡಾಣೆಗಳಿಂದಲೇ ಬ್ಯಾಂಕು ಬೆಳೆಸಿದರು. ಮುಂಬಯಿಯ ಎಷ್ಟೋ ಉಡುಪಿ ಹೋಟೆಲುಗಳ ಮೊದಲ ಬಂಡವಾಳದಲ್ಲಿ ಅಂಥ ಪುಡಿಗಾಸು ಸೇರಿದೆ. ಆ ಪರಂಪರೆಯನ್ನು ಕಂಡ ನಮಗೆ ಬಡವನ ಖಾತೆ ಬ್ಯಾಂಕಿಗೆ ಹೊರೆ ಎಂಬ ವಾದ ಅಷ್ಟು ಸುಲಭವಾಗಿ ಇಳಿಯುವುದಿಲ್ಲ.

ಎದುರುವಾದವೊಂದು ನ್ಯಾಯವಾದದ್ದೇ. ಹಣವಿಲ್ಲವೆಂದು ಗೊತ್ತಿದ್ದೂ ಚೆಕ್ಕು ಕೊಡುವವರು ಇದ್ದಾರೆ. ಅವರಿಂದ ಮೋಸಹೋದ ಸಣ್ಣ ವ್ಯಾಪಾರಿಗಳು ನಮ್ಮಲ್ಲಿಯೂ ಬಹಳ. ಅದಕ್ಕೆಂದೇ 1989ರ ಏಪ್ರಿಲಿನಿಂದ ಚೆಕ್ಕು ಅಮಾನ್ಯವಾಗುವುದು ಅಪರಾಧವಾಗಿದೆ, ಜೈಲುಶಿಕ್ಷೆಯೂ ಇದೆ. ಆದರೆ ಆ ಕಠಿಣ ಕಾಯಿದೆ ಕೂಡ ನೋಟೀಸು ತಲಪಿದ ಮೇಲೆ ಹಣ ತುಂಬಲು ಹದಿನೈದು ದಿನಗಳ ಅವಕಾಶ ಕೊಡುತ್ತದೆ. ಕ್ರಿಮಿನಲ್ ಕಾನೂನಿಗಿರುವ ಈ ಸೌಜನ್ಯ ಬ್ಯಾಂಕಿನ ದರಪಟ್ಟಿಗೆ ಇಲ್ಲ! ಕನಿಷ್ಠ ಶಿಲ್ಕಿನ ವಿಷಯದಲ್ಲಿಯೂ ರಿಸರ್ವ್ ಬ್ಯಾಂಕು 2014ರ ನವೆಂಬರಿನಲ್ಲಿ, ಮೊದಲು ತಿಳಿಸಿ ಒಂದು ತಿಂಗಳ ಗಡುವು ಕೊಡಿ, ದಂಡ ಕೊರತೆಯ ಪ್ರಮಾಣದಲ್ಲಿರಲಿ ಎಂದಿತು. 2023ರ ಆಗಸ್ಟ್ 18ರಂದು ಸಾಲಗಳ ದಂಡಶುಲ್ಕದ ಬಗ್ಗೆ, ಅದು ಶಿಸ್ತಿಗಾಗಿಯೇ ಹೊರತು ಆದಾಯ ಹೆಚ್ಚಿಸುವ ಸಾಧನವಲ್ಲ ಎಂದು ಬರೆಯಿತು. ನನ್ನ ಬೇಡಿಕೆ ಹೊಸದೇನಲ್ಲ. ಈ ಎರಡು ಮಾತುಗಳನ್ನು ಹಿಂದಿರುಗುವ ಕಂತಿಗೂ ಅನ್ವಯಿಸಲಿ: ಸಂಜೆಯವರೆಗಾದರೂ ಹಣ ತುಂಬಲು ಸಮಯ ಕೊಡಲಿ, 250ರ ಕೊರತೆಗೆ 590 ವಿಧಿಸುವುದನ್ನು ನಿಲ್ಲಿಸಲಿ, ಒಂದೇ ಕಂತಿಗೆ ಎರಡನೆಯ ಬಾರಿ ಕೈಹಾಕದಿರಲಿ.

ಪಾಸ್‌ಬುಕ್ಕಿನ ಪ್ರತಿ ಲಗತ್ತಿಸಿ ಬ್ಯಾಂಕಿಗೆ ದೂರು ಬರೆದುಕೊಟ್ಟೆ. ಮೂರು ವಾರದ ಮೇಲೆ 'ಸದ್ಭಾವನೆಯ ಕ್ರಮವಾಗಿ' ಒಂದು 590ನ್ನು ಮರಳಿಸಿದರು. ವಿಧಿಸಿದ್ದು ನ್ಯಾಯವಾಗಿದ್ದರೆ ಅದನ್ನೇಕೆ ಮರಳಿಸಿದರು, ಅನ್ಯಾಯವಾಗಿದ್ದರೆ ಇನ್ನೊಂದನ್ನು ಏಕೆ ಇಟ್ಟುಕೊಂಡರು ಎಂದು ಕೇಳಿದೆ, ಅದಕ್ಕೆ ಉತ್ತರವಿಲ್ಲ. ದೂರು ಕೊಟ್ಟು ಮೂವತ್ತು ದಿನವಾದರೂ ಪರಿಹಾರ ದೊರೆಯದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಕಚೇರಿಗೆ ಬರೆಯಬಹುದು, ಅದಕ್ಕೆ ಶುಲ್ಕವಿಲ್ಲ. ಸಂಘದ ಸದಸ್ಯರಲ್ಲಿ ಯಾರ ಪಾಸ್‌ಬುಕ್ಕಿನಲ್ಲಾದರೂ ಇಂಥ ನಮೂದುಗಳಿದ್ದರೆ ಭಾನುವಾರ ಸಂಜೆ ವಾಚನಾಲಯಕ್ಕೆ ತನ್ನಿ, ಅರ್ಜಿ ಬರೆದುಕೊಡುತ್ತೇನೆ. ಕಂತಿನ ದಿನವನ್ನು 5ರಿಂದ 12ಕ್ಕೆ ಬದಲಿಸಿಕೊಡಿ ಎಂದು ಸಾಲ ಕೊಟ್ಟ ಕಂಪನಿಗೆ ಬರೆದ ಕಾಗದಕ್ಕೆ ಮಾತ್ರ ಇನ್ನೂ ಉತ್ತರ ಬಂದಿಲ್ಲ.