ತವರಿನ ಗೇಟು ಮೊದಲು ತೆರೆಯಬೇಕಿತ್ತು

2022ರ ಮಾರ್ಚ್ 20ರಂದು ಗೋವಾದ ಫಟೋರ್ಡಾ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗ್‌ನ ಫೈನಲ್ ನಡೆಯಿತು. ಹೈದರಾಬಾದ್ ಎಫ್‌ಸಿ ಪೆನಾಲ್ಟಿ ಶೂಟೌಟ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ತಂಡವನ್ನು 3–1ರಿಂದ ಮಣಿಸಿ ಮೊದಲ ಬಾರಿಗೆ ಕಪ್ ಎತ್ತಿತು. ಎರಡು ವರ್ಷ ಹಿಂದೆ, 2020ರ ಮಾರ್ಚ್ 14ರಂದು, ಇದೇ ಅಂಗಳದಲ್ಲಿ ಎಟಿಕೆ ಮತ್ತು ಚೆನ್ನೈಯಿನ್ ತಂಡಗಳು ಕೋವಿಡ್‌ನಿಂದಾಗಿ ಖಾಲಿ ಗ್ಯಾಲರಿಗಳ ಮುಂದೆ ಫೈನಲ್ ಆಡಿದ್ದವು. ಆಮೇಲಿನ ಎರಡು ಋತುಗಳಲ್ಲಿ ಲೀಗ್‌ನ ಎಲ್ಲ ಪಂದ್ಯಗಳೂ ಗೋವಾದ ಮೂರು ಮೈದಾನಗಳಲ್ಲೇ ನಡೆದವು. ಪ್ರೇಕ್ಷಕರಿಗೆ ಬಾಗಿಲು ತೆರೆದದ್ದು ಆ ಕೊನೆಯ ಫೈನಲ್‌ಗೆ. ತೆರೆದಾಗ ಆದದ್ದೇನು? ಕೇರಳದಿಂದ ಸಾವಿರಾರು ಜನ ರೈಲು, ಬಸ್ಸು, ಕಾರು, ಬೈಕುಗಳಲ್ಲಿ ಕಾಸರಗೋಡು, ಮಂಗಳೂರು, ಉಡುಪಿ, ಕಾರವಾರ ದಾಟಿಕೊಂಡು ಫಟೋರ್ಡಾ ಇರುವ ಮಡಗಾಂವ್ ತಲುಪಿದರು. ಕಪ್ ಗೆದ್ದ ಹೈದರಾಬಾದ್ ತಂಡವಾದರೋ ಆ ಇಡೀ ಋತುವಿನಲ್ಲಿ ಗಚ್ಚಿಬೌಲಿಯ ತನ್ನ ಅಂಗಳದಲ್ಲಿ ಒಂದೇ ಒಂದು ಪಂದ್ಯವನ್ನೂ ಆಡಿರಲಿಲ್ಲ. ಊರಿನ ಜನರನ್ನು ಊರಿನ ಮೈದಾನದಿಂದ ಎರಡು ವರ್ಷ ಹೊರಗಿಟ್ಟು, ಕಡೆಗೆ ಅವಕಾಶ ಕೊಟ್ಟಾಗ ರಾಜ್ಯದಿಂದ ರಾಜ್ಯಕ್ಕೆ ಓಡಾಡಿಸಿದೆವು. ಸಾಂಕ್ರಾಮಿಕದ ಕಾಲದಲ್ಲಿ ನಡೆಯಬೇಕಿದ್ದದ್ದು ಇದರ ತದ್ವಿರುದ್ಧ. ಸೋಂಕು ಇಳಿದಿರುವ ಊರಿನಲ್ಲಿ ಅದೇ ಊರಿನ ಸೀಮಿತ ಪ್ರೇಕ್ಷಕರಿಗೆ ಮೊದಲು ಅವಕಾಶ ಸಿಗಬೇಕಿತ್ತು. ದೂರದಿಂದ ಬರುವವರಿಗೆ ಕೊನೆಗೆ.

ಇದು ಕೈಗೂಡದ ಮಾತಲ್ಲ, ಜರ್ಮನಿ 2020ರ ಸೆಪ್ಟೆಂಬರ್‌ನಲ್ಲೇ ಮಾಡಿ ತೋರಿಸಿತ್ತು. ಕ್ರೀಡಾಂಗಣದ ಸಾಮರ್ಥ್ಯದ ಶೇ 20ರಷ್ಟು ಜನರಿಗೆ ಮಾತ್ರ ಪ್ರವೇಶ, ಎದುರಾಳಿ ತಂಡದ ಊರಿನ ಅಭಿಮಾನಿಗಳಿಗೆ ಟಿಕೆಟ್ ಇಲ್ಲ, ಪಂದ್ಯ ನಡೆಯುವ ಊರಿನಲ್ಲಿ ಏಳು ದಿನಗಳ ಹೊಸ ಸೋಂಕು ಲಕ್ಷ ಜನರಿಗೆ 35ರ ಒಳಗಿರಬೇಕು ಎಂದು ಅಲ್ಲಿನ ರಾಜ್ಯಗಳು ಒಮ್ಮತಕ್ಕೆ ಬಂದವು. ಋತುವಿನ ಮೊದಲ ಪಂದ್ಯ ಸೆಪ್ಟೆಂಬರ್ 18ರಂದು ಮ್ಯೂನಿಕ್‌ನಲ್ಲಿತ್ತು. 7,500 ಜನರನ್ನು ಬಿಡುವ ತಯಾರಿಯೂ ಆಗಿತ್ತು. ನಗರದ ಅಂಕಿ 35 ದಾಟಿದ್ದರಿಂದ ಮೇಯರ್ ಅವಕಾಶ ನಿರಾಕರಿಸಿದರು, ಬಯರ್ನ್ ತಂಡ ಖಾಲಿ ಅಂಗಳದಲ್ಲಿ ಆಡಿತು. ಮರುದಿನವೇ ಡಾರ್ಟ್‌ಮಂಡ್‌ನಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಜನ ಕೂತು ಪಂದ್ಯ ನೋಡಿದರು. ಒಂದೇ ದೇಶ, ಒಂದೇ ಲೀಗ್, ಒಂದೇ ವಾರಾಂತ್ಯ. ಮ್ಯೂನಿಕ್‌ನವರಿಗೆ ಬೇಸರವಾಗಿದ್ದೀತು, ಆದರೆ ತಮಗೇಕೆ ಬಾಗಿಲು ಮುಚ್ಚಿತು ಎಂಬುದಕ್ಕೆ ಉತ್ತರ ಒಂದು ಸಂಖ್ಯೆಯಲ್ಲಿತ್ತು, ಆ ಸಂಖ್ಯೆ ಎಲ್ಲರಿಗೂ ಮೊದಲೇ ಗೊತ್ತಿತ್ತು. ಚಳಿಗಾಲದ ಅಲೆ ಏರಿದಾಗ ದೇಶದುದ್ದಕ್ಕೂ ಗೇಟುಗಳು ಮತ್ತೆ ಮುಚ್ಚಿದವು.

ಪ್ರಯಾಣವನ್ನು ಲೆಕ್ಕಕ್ಕೆ ಹಿಡಿಯದೆ ಬರೀ ಸೀಟು ಎಣಿಸಿದರೆ ಏನಾಗುತ್ತದೆ ಎಂಬುದಕ್ಕೆ 2020ರ ಮಾರ್ಚ್ 11ರ ಲಿವರ್‌ಪೂಲ್–ಅಟ್ಲೆಟಿಕೊ ಮ್ಯಾಡ್ರಿಡ್ ಪಂದ್ಯ ಸಾಕ್ಷಿ. ಆ ವಾರ ಸ್ಪೇನ್‌ನಲ್ಲಿ ಲೀಗ್ ಪಂದ್ಯಗಳಿಗೆ ಪ್ರೇಕ್ಷಕರನ್ನು ನಿಷೇಧಿಸಲಾಗಿತ್ತು. ಮ್ಯಾಡ್ರಿಡ್‌ನ ಅಭಿಮಾನಿ ತನ್ನೂರಿನಲ್ಲಿ ಪಂದ್ಯ ನೋಡುವಂತಿರಲಿಲ್ಲ, ವಿಮಾನ ಹತ್ತಿ ಇಂಗ್ಲೆಂಡಿಗೆ ಹೋಗಿ ನೋಡಬಹುದಿತ್ತು. ಸುಮಾರು 3,000 ಮಂದಿ ಹಾಗೆಯೇ ಹೋದರು, 50 ಸಾವಿರ ಮೀರಿದ ಜನಸಂದಣಿಯಲ್ಲಿ ಸೇರಿಕೊಂಡರು. ಮರುವರ್ಷದ ಯೂರೋ ಕಪ್ ಇನ್ನೊಂದು ಪಾಠ ಕೊಟ್ಟಿತು. ಜೂನ್ ತಿಂಗಳಲ್ಲಿ ಯೂರೋಗೆ ಸಂಬಂಧಿಸಿದ ಕೂಟಗಳಿಗೆ ಹೋಗಿದ್ದ 1,991 ಮಂದಿಯಲ್ಲಿ ಸೋಂಕು ಪತ್ತೆಯಾಯಿತೆಂದು ಸ್ಕಾಟ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಲೆಕ್ಕ ಕೊಟ್ಟಿತು. ಅವರಲ್ಲಿ 1,294 ಮಂದಿ ಲಂಡನ್‌ಗೆ ಹೋಗಿಬಂದವರು. ವೆಂಬ್ಲಿ ಕ್ರೀಡಾಂಗಣದ ಒಳಗೆ ಕೂತವರು 397 ಮಂದಿ ಮಾತ್ರ. ಯಾರಿಗೆ ಎಲ್ಲಿ ಸೋಂಕು ತಗುಲಿತು ಎಂದು ಈ ಅಂಕಿ ಹೇಳುವುದಿಲ್ಲ, ಅದನ್ನು ಒಪ್ಪಿಕೊಳ್ಳಲೇಬೇಕು. ಆದರೂ ಟಿಕೆಟ್ ಇಲ್ಲದೆಯೂ ಜನ ಗುಂಪುಗೂಡಿ ರೈಲಿನಲ್ಲಿ ಹೋದರು, ಪಬ್ಬುಗಳಲ್ಲಿ ಕೂತರು, ಚೌಕಗಳಲ್ಲಿ ಕುಣಿದರು ಎಂಬುದಂತೂ ಸ್ಪಷ್ಟ. ಗ್ಯಾಲರಿಗೆ ಬೀಗ ಹಾಕಿದ ಮಾತ್ರಕ್ಕೆ ಅಭಿಮಾನಿ ಮನೆಯಲ್ಲಿ ಕೂರುವುದಿಲ್ಲ.

ನಮ್ಮಲ್ಲಿ ಬೀಗ ಹಾಕಿದ್ದಕ್ಕಾಗಲೀ ತೆಗೆದದ್ದಕ್ಕಾಗಲೀ ಒಂದು ತರ್ಕ ಕಾಣುವುದಿಲ್ಲ. 2021ರ ಮಾರ್ಚ್ 13ರಂದು ಮುಂಬೈ ಸಿಟಿ ತಂಡ ಫಟೋರ್ಡಾದ ಖಾಲಿ ಅಂಗಳದಲ್ಲಿ ಲೀಗ್ ಫೈನಲ್ ಗೆದ್ದಿತು. ಅದರ ಹಿಂದಿನ ದಿನವೂ ಮರುದಿನವೂ ಅಹಮದಾಬಾದ್‌ನಲ್ಲಿ ಭಾರತ–ಇಂಗ್ಲೆಂಡ್ ಟಿ20 ಪಂದ್ಯಗಳಿಗೆ 60 ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಮಾರ್ಚ್ 16ರ ಪಂದ್ಯಕ್ಕೆ ಮಾತ್ರ ಅಲ್ಲಿಯೂ ದಿಢೀರನೆ ಗೇಟು ಮುಚ್ಚಿತು, ಟಿಕೆಟ್ ಕೊಂಡವರು ಹಣಕ್ಕಾಗಿ ಕಾಯಬೇಕಾಯಿತು. ಅದೇ ವರ್ಷದ ಅಕ್ಟೋಬರ್ 3ರಂದು ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲಿ ಮೊಹಮ್ಮಡನ್ ಸ್ಪೋರ್ಟಿಂಗ್ ಮತ್ತು ಎಫ್‌ಸಿ ಗೋವಾ ನಡುವಿನ ಡುರಾಂಡ್ ಕಪ್ ಫೈನಲ್ ಪ್ರೇಕ್ಷಕರ ಎದುರೇ ನಡೆಯಿತು. ಆರು ವಾರ ಕಳೆದು ಗೋವಾದಲ್ಲಿ ಲೀಗ್ ಶುರುವಾದಾಗ ಮತ್ತೆ ಖಾಲಿ ಕುರ್ಚಿಗಳು. ಕೋಲ್ಕತ್ತದಲ್ಲಿ ಸರಿಯಾದದ್ದು ಗೋವಾದಲ್ಲಿ ಏಕೆ ತಪ್ಪು ಎಂದು ಯಾರೂ ಅಂಕಿ ಮುಂದಿಟ್ಟು ವಿವರಿಸಲಿಲ್ಲ. ವಾಸ್ಕೊ ಪಟ್ಟಣದ ನಡುವೆಯೇ ಇರುವ ತಿಲಕ್ ಮೈದಾನದಲ್ಲಿ ಪಂದ್ಯಗಳು ನಡೆಯುತ್ತಿದ್ದವು. ಬೈನಾ, ಜುವಾರಿನಗರದ ಕಡೆ ತಲೆಮಾರುಗಳಿಂದ ನೆಲೆಸಿರುವ ಕನ್ನಡಿಗ ಕುಟುಂಬಗಳಿಗೆ ಬೆಂಗಳೂರು ಎಫ್‌ಸಿ ಆಟ ಕೂಗಳತೆಯಲ್ಲಿತ್ತು. ಅವರಲ್ಲಿ ಕೆಲವು ನೂರು ಮಂದಿಯನ್ನು, ಮಾಸ್ಕ್ ಹಾಕಿಸಿ ಸೀಟು ಬಿಟ್ಟು ಸೀಟು ಕೂರಿಸಿ ಒಳಗೆ ಬಿಟ್ಟಿದ್ದರೆ ಯಾರೂ ರಾಜ್ಯದ ಗಡಿ ದಾಟಬೇಕಾಗಿರಲಿಲ್ಲ.

ವಿಶಾಖಪಟ್ಟಣಕ್ಕೂ ಇಂಥದೇ ಅನುಭವವಾಯಿತು, ಆಟ ಮಾತ್ರ ಕ್ರಿಕೆಟ್. 2022ರ ಫೆಬ್ರವರಿ 18ರಂದು ಭಾರತ–ವೆಸ್ಟ್ ಇಂಡೀಸ್ ಟಿ20 ಪಂದ್ಯ ಆ ನಗರಕ್ಕೆ ನಿಗದಿಯಾಗಿತ್ತು. ಓಮೈಕ್ರಾನ್ ಹಬ್ಬುತ್ತಿದ್ದಂತೆ, ತಂಡಗಳ ಓಡಾಟ ಕಡಿಮೆ ಮಾಡಲು, ಆರು ನಗರಗಳ ಸರಣಿಯನ್ನು ಬಿಸಿಸಿಐ ಅಹಮದಾಬಾದ್ ಮತ್ತು ಕೋಲ್ಕತ್ತಕ್ಕೆ ಇಳಿಸಿತು. ಆಟಗಾರರ ಮಟ್ಟಿಗೆ ಅದು ನ್ಯಾಯವಾದ ತೀರ್ಮಾನವೇ. ಆದರೆ ಕೋಲ್ಕತ್ತದ ಮೂರನೇ ಪಂದ್ಯಕ್ಕೆ ಪ್ರೇಕ್ಷಕರಿಗೆ ಅವಕಾಶ ಸಿಕ್ಕಿತು, ವಿಶಾಖಪಟ್ಟಣದವರು ಪಂದ್ಯವನ್ನೇ ಕಳೆದುಕೊಂಡರು. ಅವರು ಕ್ರೀಡಾಂಗಣದಲ್ಲಿ ಅಂತರರಾಷ್ಟ್ರೀಯ ಪಂದ್ಯ ನೋಡಿದ್ದು ಜೂನ್ 14ರಂದು, ದಕ್ಷಿಣ ಆಫ್ರಿಕಾ ಬಂದಾಗ. ಆ ಚಳಿಗಾಲದಲ್ಲಿ ಆಂಧ್ರ ಸರ್ಕಾರ ಸಂಕ್ರಾಂತಿ ಮುಗಿಯುವ ತನಕ ಕಾದು ಆಮೇಲೆ ರಾತ್ರಿ ಕರ್ಫ್ಯೂ ಜಾರಿಗೆ ತಂದಿತ್ತು. ಹಬ್ಬಕ್ಕೆ ಊರಿಗೆ ಹೋಗಿಬರುವ ಲಕ್ಷಾಂತರ ಜನರ ಪ್ರಯಾಣಕ್ಕೆ ವಿನಾಯಿತಿ ಸಿಕ್ಕಾಗ, ಪಕ್ಕದ ಬಡಾವಣೆಯಿಂದ ಸಿಟಿ ಬಸ್ಸಿನಲ್ಲಿ ಮೈದಾನಕ್ಕೆ ಹೋಗುವವನನ್ನು ಅಪಾಯಕಾರಿ ಎನ್ನುವುದು ಹೇಗೆ?

ದೂರದ ಅಭಿಮಾನಿಯ ಪಾಡನ್ನೂ ನೋಡಬೇಕು. ಕೋಲ್ಕತ್ತದಲ್ಲಿ ನಡೆದ 2021ರ ಆ ಡುರಾಂಡ್ ಕಪ್‌ನಲ್ಲಿ ಬೆಂಗಳೂರು ಎಫ್‌ಸಿ ಮತ್ತು ಎಫ್‌ಸಿ ಬೆಂಗಳೂರು ಯುನೈಟೆಡ್ ಎರಡೂ ಸೆಮಿಫೈನಲ್ ತಲುಪಿದ್ದವು. ತಂಡದ ಬೆನ್ನಿಗೆ ನಿಲ್ಲಲು ಬೆಂಗಳೂರಿನಿಂದ ಕೋಲ್ಕತ್ತಕ್ಕೆ ರೈಲಿನಲ್ಲಿ ಹೊರಟವನು ಒಂದು ಹಗಲು, ಒಂದು ರಾತ್ರಿಗೂ ಮೀರಿ ಬೋಗಿಯಲ್ಲಿ ಕೂರಬೇಕು. ರೈಲು ಆಂಧ್ರದ ವಿಜಯವಾಡ ದಾಟಿ ವಿಶಾಖಪಟ್ಟಣದ ಪಕ್ಕದ ದುವ್ವಾಡಕ್ಕೆ ಬರುತ್ತದೆ. ಅಲ್ಲಿಂದ ಮುಂದೆ ಒಡಿಶಾ, ಆಮೇಲೆ ಬಂಗಾಳ. ಒಂದೊಂದು ರಾಜ್ಯಕ್ಕೂ ಒಂದೊಂದು ನಿಯಮ, ಅದೂ ವಾರಕ್ಕೊಮ್ಮೆ ಬದಲು. 2021ರ ಮೇ ತಿಂಗಳಲ್ಲಿ ಆಂಧ್ರ, ತೆಲಂಗಾಣದಿಂದ ಬಂದವರಿಗೆ ದೆಹಲಿ ಮತ್ತು ಒಡಿಶಾ 14 ದಿನಗಳ ಕ್ವಾರಂಟೈನ್ ವಿಧಿಸಿದ್ದವು. ನಮ್ಮ ತಲಪಾಡಿ ಚೆಕ್‌ಪೋಸ್ಟ್‌ನಲ್ಲಿ ಅದೇ ವರ್ಷದ ಫೆಬ್ರವರಿಯಿಂದ ಕೇರಳದ ಕಡೆಯಿಂದ ಬರುವವರ ಬಳಿ 72 ಗಂಟೆಯೊಳಗಿನ ಆರ್‌ಟಿ–ಪಿಸಿಆರ್ ವರದಿ ಕೇಳಿದ್ದರಿಂದ ಮಂಗಳೂರಿಗೆ ಕಾಲೇಜಿಗೆ, ಆಸ್ಪತ್ರೆಗೆ, ಕೆಲಸಕ್ಕೆ ದಿನವೂ ಬರುವ ಕಾಸರಗೋಡಿನವರು ಪರದಾಡಿದರು. ಅಭಿಮಾನಿಯ ಪ್ರಯಾಣ ಔಷಧಿಗಾಗಿ ಮಾಡುವ ಪ್ರಯಾಣದಷ್ಟು ಅನಿವಾರ್ಯವಲ್ಲ. ಆದ್ದರಿಂದಲೇ ಅಂಥ ದಿನಗಳಲ್ಲಿ ಅವನನ್ನು ದೂರ ಕಳಿಸುವ ವ್ಯವಸ್ಥೆ ಬೇಡ, ಅವನ ಊರಿನಲ್ಲೇ ಅವನಿಗೊಂದು ಸೀಟು ಬೇಕು ಎನ್ನುತ್ತೇನೆ.

ಇದಕ್ಕೆ ಮೊದಲ ಆಕ್ಷೇಪ ಬಲವಾದದ್ದು. ಚಾಮರಾಜನಗರ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕವಿಲ್ಲದೆ ಜನ ಸತ್ತ ವರ್ಷದಲ್ಲಿ ಆಟ ನೋಡುವ ಹಕ್ಕಿನ ಮಾತೇ? ಇಟಲಿಯ ಬೆರ್ಗಾಮೊದ ಕತೆ ಗೊತ್ತಿಲ್ಲವೇ? ಗೊತ್ತಿದೆ. 2020ರ ಫೆಬ್ರವರಿ 19ರಂದು ಅಟಲಾಂಟಾ–ವೆಲೆನ್ಸಿಯಾ ಪಂದ್ಯಕ್ಕೆ ಬೆರ್ಗಾಮೊದ ಹತ್ತಾರು ಸಾವಿರ ಜನ ಮಿಲಾನ್‌ಗೆ ಹೋಗಿದ್ದರು, ಕೆಲವೇ ವಾರಗಳಲ್ಲಿ ಆ ಊರು ಯುರೋಪಿನಲ್ಲೇ ಹೆಚ್ಚು ನರಳಿದ ಊರುಗಳಲ್ಲಿ ಒಂದಾಯಿತು. ಅಲ್ಲಿ ಯಾವ ಮಿತಿಯೂ ಇರಲಿಲ್ಲ, ಮಾಸ್ಕ್ ಇರಲಿಲ್ಲ, ವೈರಸ್ ಊರಲ್ಲಿದೆ ಎಂಬ ಅರಿವೇ ಇರಲಿಲ್ಲ. ಚಾಮರಾಜನಗರದ ದುರಂತ ಕಂಡ 2021ರ ಏಪ್ರಿಲ್–ಮೇ ಅಲೆಯಲ್ಲಿ ಯಾವುದೇ ಮರ್ಯಾದಸ್ಥ ಮಾನದಂಡ ರಾಜ್ಯದ ಎಲ್ಲ ಮೈದಾನಗಳನ್ನೂ ಮುಚ್ಚುತ್ತಿತ್ತು, ಮುಚ್ಚಲೇಬೇಕಿತ್ತು. ಮಾನದಂಡ ಬರೆದಿಡದೇ ಇದ್ದಾಗ ಏನಾಯಿತೆಂದು ಅದೇ ಏಪ್ರಿಲ್ ತೋರಿಸಿತು. ಚಿತ್ರಮಂದಿರಗಳಲ್ಲಿ ಅರ್ಧದಷ್ಟು ಸೀಟು ಮಾತ್ರ ಎಂದು ರಾಜ್ಯ ಸರ್ಕಾರ ಆದೇಶಿಸಿತು. ಆಗಷ್ಟೇ ‘ಯುವರತ್ನ’ ತೆರೆಕಂಡಿತ್ತು. ಚಿತ್ರರಂಗ ಮನವಿ ಮಾಡಿದ್ದೇ ತಡ, ಆದೇಶ 7ನೇ ತಾರೀಕಿಗೆ ಮುಂದೆ ಹೋಯಿತು. ಚಿತ್ರತಂಡದ ಆತಂಕ ಸಹಜವಾದದ್ದೇ. ಆದರೆ ಆ ನಾಲ್ಕೈದು ದಿನಗಳಲ್ಲಿ ವೈರಸ್ಸಿನ ಗುಣವೇನೂ ಬದಲಾಗಿರಲಿಲ್ಲ. ಮಾನದಂಡವಿಲ್ಲದ ಕಡೆ ನಿರ್ಧಾರ ಒತ್ತಡ ಹಾಕಬಲ್ಲವರ ಕಡೆಗೆ ವಾಲುತ್ತದೆ. ಫುಟ್‌ಬಾಲ್ ಅಭಿಮಾನಿಗೆ ವಿಧಾನಸೌಧದಲ್ಲಿ ಕದ ತಟ್ಟುವವರು ಯಾರೂ ಇರಲಿಲ್ಲ.

ಪ್ರೇಕ್ಷಕರಿಲ್ಲದಿದ್ದರೆ ಆಟಗಾರರು ಸುರಕ್ಷಿತ ಎಂಬುದು ಎರಡನೆಯ ವಾದ. 2022ರ ಜನವರಿಯಲ್ಲಿ ಮಹಾರಾಷ್ಟ್ರದಲ್ಲಿ ಶುರುವಾದ ಮಹಿಳೆಯರ ಏಷ್ಯಾ ಕಪ್ ಫುಟ್‌ಬಾಲ್ ಬಯೋಬಬಲ್ ಒಳಗೇ ನಡೆಯಿತು. ಆದರೂ ಜನವರಿ 23ರಂದು ಚೈನೀಸ್ ತೈಪೆ ವಿರುದ್ಧ ಕಣಕ್ಕಿಳಿಸಲು ನಿಯಮದಂತೆ 13 ಆಟಗಾರ್ತಿಯರೂ ಸಿಗದೆ ಆತಿಥೇಯ ಭಾರತ ಟೂರ್ನಿಯಿಂದಲೇ ಹೊರಬಿತ್ತು. ಅದೇ ತಿಂಗಳು ಗೋವಾದ ಬಬಲ್‌ನಲ್ಲೂ ಸೋಂಕು ಹೊಕ್ಕು ಎಟಿಕೆ ಮೋಹನ್ ಬಾಗನ್–ಬೆಂಗಳೂರು ಪಂದ್ಯ ಸೇರಿ ಹಲವು ಪಂದ್ಯಗಳು ಮುಂದಕ್ಕೆ ಹೋದವು. ಗ್ಯಾಲರಿಯಲ್ಲಿ ಆಗ ಯಾರೂ ಇರಲಿಲ್ಲ. ಆಟಗಾರರನ್ನು ಕಾಯುವುದು ಹೋಟೆಲು, ಬಸ್ಸು, ಸಿಬ್ಬಂದಿಯ ಶಿಸ್ತಿಗೆ ಬಿಟ್ಟ ವಿಷಯ. ಬಯಲಿನ ಗ್ಯಾಲರಿಯಲ್ಲಿ ಇಪ್ಪತ್ತು ಮೀಟರ್ ಆಚೆ ಕೂತ ಪ್ರೇಕ್ಷಕನಿಗೂ ಅದಕ್ಕೂ ನಂಟು ಕಡಿಮೆ.

ಒಂದು ಊರಿನ ತಂಡಕ್ಕೆ ಬೆಂಬಲಿಗರ ಕೂಗು, ಇನ್ನೊಂದಕ್ಕೆ ಮೌನ. ಇದು ಅನ್ಯಾಯವಲ್ಲವೇ ಎಂದೂ ಕೇಳುತ್ತಾರೆ. ಸ್ವಲ್ಪ ಅನ್ಯಾಯ ಹೌದು. 2020ರ ಡಿಸೆಂಬರ್‌ನಲ್ಲಿ ಇಂಗ್ಲೆಂಡಿನಲ್ಲಿ ಸೋಂಕಿನ ಶ್ರೇಣಿಗೆ ತಕ್ಕಂತೆ ಲಿವರ್‌ಪೂಲ್‌ಗೆ 2,000 ಪ್ರೇಕ್ಷಕರು ಸಿಕ್ಕರು, ಮ್ಯಾಂಚೆಸ್ಟರ್‌ನ ಕ್ಲಬ್‌ಗಳಿಗೆ ಒಬ್ಬರೂ ಸಿಗಲಿಲ್ಲ. ಲೀಗ್ ಅದರಿಂದ ಕೆಡಲಿಲ್ಲ, ಮ್ಯಾಂಚೆಸ್ಟರ್ ಸಿಟಿಯೇ ಆ ಋತುವಿನ ಚಾಂಪಿಯನ್ ಆಯಿತು.

ನನಗೆ ಹೆಚ್ಚು ಚಿಂತೆ ಹುಟ್ಟಿಸುವುದು ಕೊನೆಯ ಗಳಿಗೆಯ ಆದೇಶ, ಏಕೆಂದರೆ ಅದು ಜನರನ್ನು ಗೇಟಿನ ಬಳಿ ಗುಂಪಾಗಿಸುತ್ತದೆ. ಕ್ರೀಡಾಂಗಣದಲ್ಲಿ ಜನ ಒತ್ತಿಕೊಳ್ಳುವುದು ಸೀಟಿನಲ್ಲಲ್ಲ. ಬ್ಯಾಗ್ ತಪಾಸಣೆಯ ಸಾಲು, ಒಂದೇ ತೆರೆದಿರುವ ಗೇಟು, ವಿರಾಮದ ಹೊತ್ತಿನ ಶೌಚಾಲಯ, ಪಂದ್ಯ ಮುಗಿದ ಮೇಲಿನ ಮೆಟ್ರೊ ಪ್ಲಾಟ್‌ಫಾರ್ಮ್, ಒತ್ತಡ ಇರುವುದು ಇಲ್ಲೆಲ್ಲ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಮಂದಿ ಪ್ರಾಣ ಬಿಟ್ಟದ್ದು ಸಾಂಕ್ರಾಮಿಕದಿಂದಲ್ಲ, ಕಾಲ್ತುಳಿತದಿಂದ. ಯಾರಿಗೆ ಪ್ರವೇಶ, ಯಾವ ಗೇಟಿನಿಂದ ಎಂಬುದು ಆ ದಿನವೂ ಜನರಿಗೆ ಸ್ಪಷ್ಟವಿರಲಿಲ್ಲ. ಗಾಳಿಯಲ್ಲಿ ಸೋಂಕು ಇರುವ ಕಾಲದಲ್ಲಿ ಇಂಥ ಗೊಂದಲ ಇನ್ನೆಷ್ಟು ದುಬಾರಿಯಾದೀತು!

ಕಂಠೀರವ ಕ್ರೀಡಾಂಗಣದಲ್ಲಿ 2020ರ ಮಾರ್ಚ್ 1ರ ಸೆಮಿಫೈನಲ್ ನೋಡಿದ ಬೆಂಗಳೂರು ಎಫ್‌ಸಿ ಅಭಿಮಾನಿಗಳು ಅಲ್ಲಿ ಮುಂದಿನ ಲೀಗ್ ಪಂದ್ಯ ನೋಡಿದ್ದು 2022ರ ಅಕ್ಟೋಬರ್ 8ರಂದು. ಆ ಎರಡೂವರೆ ವರ್ಷದಲ್ಲಿ ಸೋಂಕು ತಗ್ಗಿದ್ದ ತಿಂಗಳುಗಳು ಎಷ್ಟೋ ಇದ್ದವು. ಅಲ್ಲಿನ ಆಸನಗಳಲ್ಲಿ ಐದನೇ ಒಂದು ಭಾಗ ಎಂದರೂ ಕೆಲವು ಸಾವಿರ ಜನ. ಕ್ರೀಡಾಂಗಣದ ವೆಸ್ಟ್ ಬ್ಲಾಕ್ ಗ್ಯಾಲರಿಯಲ್ಲಿ ಪಂದ್ಯವಿಡೀ ನಿಂತು ಹಾಡುವವರಿಗೆ ಅಷ್ಟೇ ಸಾಕಿತ್ತು. ಮುಂದೆ ಇನ್ನೊಂದು ಸೋಂಕು ಬಂದಾಗ ಮತ್ತೆ ಮೊದಲಿನಿಂದ ತಡಕಾಡದಂತೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್, ಕ್ಲಬ್‌ಗಳು, ರಾಜ್ಯ ಆರೋಗ್ಯ ಇಲಾಖೆಗಳು ಈಗಲೇ ಒಂದು ಹಾಳೆ ಬರೆದಿಡಲಿ, ಅದನ್ನು ಬರೆಯುವಾಗ ಅಭಿಮಾನಿ ಬಳಗಗಳನ್ನೂ ಕೂರಿಸಿಕೊಳ್ಳಲಿ. ಜಿಲ್ಲೆಯ ವಾರದ ಸೋಂಕು ಎಷ್ಟಿದ್ದರೆ ಎಷ್ಟು ಸೀಟು, ಆಸ್ಪತ್ರೆಯಲ್ಲಿ ಎಷ್ಟು ಹಾಸಿಗೆ ಖಾಲಿ ಇರಬೇಕು, ಟಿಕೆಟ್ ಯಾವ ಪಿನ್‌ಕೋಡ್‌ನವರಿಗೆ, ಯಾವ ಸಾಲಿನವರು ಯಾವ ಗೇಟಿನಿಂದ ಎಷ್ಟು ಗಂಟೆಗೆ ಬರಬೇಕು, ಅಂಕಿ ನೋಡಿ ಅಂತಿಮ ಮಾತು ಹೇಳುವವರು ಯಾರು, ಪಂದ್ಯಕ್ಕೆ ಎಷ್ಟು ದಿನ ಮೊದಲು ಹೇಳಬೇಕು ಎಂಬುದೆಲ್ಲ ಅದರಲ್ಲಿರಲಿ. ಗೇಟು ಮುಚ್ಚಬೇಕಾಗಿ ಬಂದರೆ ಟಿಕೆಟ್ ಹಣ ಎಷ್ಟು ದಿನದೊಳಗೆ ಖಾತೆಗೆ ಮರಳುತ್ತದೆ ಎಂಬುದೂ ಅದೇ ಹಾಳೆಯಲ್ಲಿರಬೇಕು.