ಪಡಸಾಲೆಯಲ್ಲಿ ಸಂವಿಧಾನ

ಮಕ್ಕಳನ್ನು ಶಾಲೆಗೆ ಕಳುಹಿಸದೆ ಮನೆಯಲ್ಲಿಯೇ ಓದಿಸುವ ತಂದೆತಾಯಂದಿರು ಬೆಂಗಳೂರಿನಂತಹ ನಗರಗಳಲ್ಲಿ ಈಗ ಅಲ್ಲಲ್ಲಿ ಕಾಣಸಿಗುತ್ತಾರೆ. ಅವರ ಸಂಖ್ಯೆ ಅಲ್ಪವಾದರೂ ಶ್ರದ್ಧೆ ಅಲ್ಪವಲ್ಲ. ಗಣಿತಕ್ಕೆ ಒಳ್ಳೆಯ ಪುಸ್ತಕಗಳುಂಟು. ವಿಜ್ಞಾನಕ್ಕೆ ಅಡಿಗೆಮನೆಯೇ ಪ್ರಯೋಗಶಾಲೆಯಾಗಬಲ್ಲದು. ಭಾಷೆಗೆ ಅಜ್ಜಿಯ ಕಥೆಗಳಿವೆ. ಹತ್ತನೆಯ ತರಗತಿಯ ಪರೀಕ್ಷೆ ಕಟ್ಟಲು ೧೯೮೯ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯಿದೆ. ಆದರೆ ದೇಶದ ಸಂವಿಧಾನವನ್ನು ಕಲಿಸುವ ಸರದಿ ಬಂದಾಗ ಈ ಉತ್ಸಾಹಿಗಳೂ ತುಸು ತಡವರಿಸುವುದುಂಟು. ಅದು ವಕೀಲರ ಗ್ರಂಥ, ಎಳೆಯರಿಗೆ ನೀರಸ ಎಂದು ಮುಂದೂಡುವವರು ಕೆಲವರು. ಪೀಠಿಕೆಯನ್ನು ಬಾಯಿಪಾಠ ಮಾಡಿಸಿ ಕೈತೊಳೆದುಕೊಳ್ಳುವವರು ಇನ್ನು ಕೆಲವರು.

ವಾಸ್ತವವಾಗಿ, ಮನೆಯಲ್ಲಿ ಕಲಿಯುವ ಮಗುವಿಗೆ ಇಷ್ಟು ಹತ್ತಿರದ ಪಠ್ಯ ಮತ್ತೊಂದಿಲ್ಲ. ೨೦೦೨ರ ಎಂಬತ್ತಾರನೆಯ ತಿದ್ದುಪಡಿಯಿಂದ ಸೇರಿದ ೨೧-ಎ ವಿಧಿಯು ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಉಚಿತ ಹಾಗೂ ಕಡ್ಡಾಯ ಶಿಕ್ಷಣವನ್ನು ಸರ್ಕಾರ ಒದಗಿಸಬೇಕೆನ್ನುತ್ತದೆ. ಅದೇ ತಿದ್ದುಪಡಿಯು ೫೧-ಎ ವಿಧಿಗೆ ಹನ್ನೊಂದನೆಯ ಮೂಲಭೂತ ಕರ್ತವ್ಯವನ್ನು ಸೇರಿಸಿ, ಆ ವಯಸ್ಸಿನ ಮಗುವಿಗೆ ಶಿಕ್ಷಣದ ಅವಕಾಶ ಕಲ್ಪಿಸುವ ಹೊಣೆಯನ್ನು ತಂದೆತಾಯಿಯರ ಹೆಗಲಿಗೇರಿಸಿತು. ೨೦೧೦ರ ಏಪ್ರಿಲ್ ೧ರಂದು ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆಯ ಹತ್ತನೆಯ ಕಲಮು, ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯವೆಂದೇ ಹೇಳುತ್ತದೆ. ಆದರೆ ಆ ಕಾಯಿದೆ ಸೇರಿಸದವರಿಗೆ ಶಿಕ್ಷೆ ವಿಧಿಸಿಲ್ಲ. ಮನೆಯ ಶಿಕ್ಷಣದ ಹೆಸರನ್ನೂ ಎತ್ತಿಲ್ಲ.

“ಹಾಗಾದರೆ ಅಮ್ಮಾ, ನಾನು ಶಾಲೆಗೆ ಹೋಗದಿರುವುದು ಸರಿಯೋ, ತಪ್ಪೋ?” ಎಂದು ಹತ್ತು ವರ್ಷದ ಹುಡುಗಿ ಕೇಳಿದಳೆನ್ನಿ. ತಾಯಿ ಸಿಡುಕಬಾರದು, ಮಾತು ಮರೆಸಬಾರದು. ಕಾಯಿದೆಯ ಮಾತುಗಳನ್ನು ಮಗಳ ಮುಂದಿಟ್ಟು, ತಾವು ಈ ದಾರಿ ಹಿಡಿದುದೇಕೆಂದು ವಿವರಿಸಬೇಕು. ಹಕ್ಕು ಮಗುವಿನದು, ಕರ್ತವ್ಯ ಹಿರಿಯರದು ಎಂದಮೇಲೆ ಉತ್ತರ ಕೊಡಬೇಕಾದವರು ಹಿರಿಯರೇ. ಸಂವಿಧಾನದ ಮೊದಲನೆಯ ಪಾಠ ಅಲ್ಲಿಗೆ ಆರಂಭವಾಯಿತೆಂದು ತಿಳಿಯಬಹುದು.

ಮುಂದಿನ ಪಾಠಕ್ಕೆ ೧೫ನೆಯ ವಿಧಿ ಒದಗುತ್ತದೆ. ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಇವುಗಳ ಬಳಕೆಯಲ್ಲಿ ಜಾತಿ, ಧರ್ಮ, ಲಿಂಗಗಳ ಕಾರಣದಿಂದ ಯಾರಿಗೂ ಅಡ್ಡಿಯಾಗಕೂಡದೆಂದು ಅದು ವಿಧಿಸುತ್ತದೆ. ಒಂದು ಮಹಾದೇಶದ ಮೂಲ ಶಾಸನದಲ್ಲಿ ಬಾವಿಯ ಮಾತು ಏಕೆ ಬಂದಿತು? ಈ ಪ್ರಶ್ನೆಯನ್ನು ಮಗು ತನ್ನ ತಾತನ ಬಳಿಗೇ ಒಯ್ಯಲಿ. ಹಿಂದೆ ಊರಿನ ಯಾವ ಬಾವಿಯಲ್ಲಿ ಯಾರು ನೀರು ಸೇದುತ್ತಿದ್ದರು, ಯಾರು ದೂರ ನಿಂತು ಕಾಯುತ್ತಿದ್ದರು ಎಂಬುದನ್ನು ತಾತ ಮುಚ್ಚಿಡದೆ ಹೇಳಲಿ. ೧೯೨೭ರಲ್ಲಿ ಮಹಾಡದ ಚವದಾರ್ ಕೆರೆಯ ನೀರನ್ನು ಕುಡಿಯುವುದಕ್ಕಾಗಿ ಡಾ. ಅಂಬೇಡ್ಕರರು ಸಾವಿರಾರು ಜನರೊಡನೆ ನಡೆದುಹೋದ ಸಂಗತಿಯನ್ನು ಅದರ ಜೊತೆಗೆ ತಿಳಿಸಿದರೆ, ಅಸ್ಪೃಶ್ಯತೆಯನ್ನು ರದ್ದುಗೊಳಿಸಿದ ೧೭ನೆಯ ವಿಧಿಯನ್ನು ಬಾಯಿಪಾಠ ಮಾಡಿಸಬೇಕಾಗಿಯೇ ಇಲ್ಲ.

ಈ ಗ್ರಂಥ ಆಕಾಶದಿಂದ ಇಳಿದುದಲ್ಲವೆಂಬುದೂ ಮಗುವಿಗೆ ತಿಳಿಯಬೇಕು. ಸಂವಿಧಾನ ಸಭೆ ೧೯೪೬ರ ಡಿಸೆಂಬರ್ ೯ರಂದು ಮೊದಲು ಸೇರಿತು. ೧೯೪೯ರ ನವೆಂಬರ್ ೨೬ರಂದು ಸಂವಿಧಾನವನ್ನು ಅಂಗೀಕರಿಸಿತು. ದಕ್ಷಿಣ ಕನ್ನಡದ ಬೆನಗಲ್ ನರಸಿಂಗ ರಾಯರು ಅದರ ಸಲಹೆಗಾರರಾಗಿದ್ದರು. ಮೈಸೂರಿನ ದಿವಾನರಾಗಿದ್ದ ಎನ್. ಮಾಧವ ರಾಯರು ಕರಡು ಸಮಿತಿಯಲ್ಲಿದ್ದರು. ಕರಡಿಗೆ ಸೂಚಿತವಾದ ತಿದ್ದುಪಡಿಗಳು ಸುಮಾರು ೭,೬೩೫. ಸಭೆಯಲ್ಲಿ ಮಂಡಿತವಾದವು ೨,೪೭೩. ಆ ಚರ್ಚೆಗಳೆಲ್ಲ ಅಚ್ಚಾಗಿವೆ. ಒಂದು ವಿಧಿಯನ್ನು ಆರಿಸಿಕೊಂಡು ಅಣ್ಣ ಪರವಾಗಿಯೂ ತಂಗಿ ವಿರೋಧವಾಗಿಯೂ ವಾದಿಸಿ, ಮರುದಿನ ಪಕ್ಷ ಬದಲಿಸಿ ಮತ್ತೆ ವಾದಿಸಲಿ. ಎದುರಾಳಿಯ ಮಾತಿನಲ್ಲಿಯೂ ಹುರುಳಿರಬಹುದೆಂಬ ಅರಿವು ಇದರಿಂದ ಮೂಡುತ್ತದೆ.

ಇಷ್ಟೆಲ್ಲ ಮಾಡಿದರೂ ಒಂದು ತೊಡಕು ಉಳಿಯುತ್ತದೆ. ಮನೆಯಲ್ಲಿ ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಮೂರೂ ಒಂದೇ ಕೈಯಲ್ಲಿರುತ್ತವೆ. ನಿಯಮ ಮಾಡಿದವರೇ ತಪ್ಪು ಹಿಡಿಯುತ್ತಾರೆ, ಅವರೇ ದಂಡಿಸುತ್ತಾರೆ. ಶಾಲೆಯ ಮಗುವಿಗೆ ಮೇಷ್ಟರ ಮೇಲೆ ಮನೆಯಲ್ಲಿ ದೂರು ಹೇಳುವ ದಾರಿಯಾದರೂ ಇದೆ. ಮೇಷ್ಟರೂ ತಂದೆಯೂ ಒಬ್ಬರೇ ಆಗಿರುವ ಮನೆಯಲ್ಲಿ ಮಗು ಯಾರಲ್ಲಿ ಹೇಳಿಕೊಂಡೀತು? ಆದುದರಿಂದ ಮನೆಯ ನಿಯಮಗಳನ್ನು ಕೂಡಿ ಕುಳಿತು ಬರೆಯುವುದು ಒಳ್ಳೆಯದು. ಊಟದ ವೇಳೆ ಮೊಬೈಲು ಹಿಡಿಯಬಾರದೆಂದರೆ ಅದು ಅಪ್ಪನಿಗೂ ಅನ್ವಯಿಸಬೇಕು. ಶಿಕ್ಷೆಗೆ ಮೊದಲು ಮಗುವಿನ ಮಾತನ್ನು ಪೂರ್ತಿಯಾಗಿ ಕೇಳಬೇಕು. ಅಧಿಕಾರದಲ್ಲಿರುವವನೂ ನಿಯಮಕ್ಕೆ ಅಧೀನನೆಂಬುದನ್ನು ಕಣ್ಣಾರೆ ಕಂಡ ಮಗುವಿಗೆ, ಮೂಲಭೂತ ಹಕ್ಕುಗಳಿಗೆ ವಿರುದ್ಧವಾದ ಕಾನೂನು ಅಸಿಂಧುವೆನ್ನುವ ೧೩ನೆಯ ವಿಧಿಯ ಅರ್ಥ ಸುಲಭವಾಗಿ ಹೊಳೆಯುತ್ತದೆ. ಸಾಂವಿಧಾನಿಕ ನೈತಿಕತೆ ಹುಟ್ಟಿನಿಂದ ಬರುವುದಲ್ಲ, ಅದನ್ನು ಬೆಳೆಸಿಕೊಳ್ಳಬೇಕೆಂದು ಅಂಬೇಡ್ಕರರು ೧೯೪೮ರ ನವೆಂಬರ್ ೪ರಂದು ಸಭೆಯನ್ನು ಎಚ್ಚರಿಸಿದ್ದರು. ಆ ಬೆಳೆಗೆ ಮನೆಯ ಮಣ್ಣೂ ಬೇಕು.

ಆದರೆ ಮನೆಯ ಮಣ್ಣಷ್ಟೇ ಸಾಲದು. ಪೀಠಿಕೆಯಲ್ಲಿ ನ್ಯಾಯ, ಸ್ವಾತಂತ್ರ್ಯ, ಸಮಾನತೆಗಳ ಜೊತೆಗೆ ಭ್ರಾತೃತ್ವವೆಂಬ ಮಾತೊಂದಿದೆ. ಕರಡು ಸಮಿತಿ ಅದನ್ನು ಉದ್ದೇಶಪೂರ್ವಕವಾಗಿಯೇ ಸೇರಿಸಿತು. ಒಡಹುಟ್ಟಿದವರನ್ನು ಪ್ರೀತಿಸಲು ಯಾವ ಶಾಸನವೂ ಬೇಕಿಲ್ಲ; ಅಪರಿಚಿತರನ್ನು ಒಡಹುಟ್ಟಿದವರಂತೆ ಕಾಣುವುದೇ ಕಷ್ಟದ ವಿದ್ಯೆ. ಶಾಲೆಯ ಬೆಂಚಿನಲ್ಲಿ ಗಾರೆ ಕೆಲಸದವನ ಮಗನೂ ಗುಮಾಸ್ತನ ಮಗಳೂ ಒಟ್ಟಿಗೆ ಕುಳಿತಾಗ ಆ ವಿದ್ಯೆ ಅಷ್ಟಿಷ್ಟಾದರೂ ತಾನಾಗಿ ಬರುತ್ತಿತ್ತು. ಮನೆಗೆ ಬರುವವರಾದರೋ ಬಹುಮಟ್ಟಿಗೆ ನೆಂಟರು, ತಮ್ಮಂಥವರೇ ಆದ ಸ್ನೇಹಿತರು. ಈ ಕೊರತೆಯನ್ನು ತುಂಬುವ ಭಾರ ಮನೆಯಲ್ಲಿ ಓದಿಸುವವರ ಮೇಲಿದೆ. ಕರ್ನಾಟಕದ ಹಳ್ಳಿಗಳಲ್ಲಿ ಮಕ್ಕಳ ಗ್ರಾಮಸಭೆಗಳು ನಡೆಯುತ್ತವೆ. ನೀರು, ರಸ್ತೆ, ಶೌಚಾಲಯಗಳ ವಿಚಾರವಾಗಿ ಮಕ್ಕಳು ಪಂಚಾಯಿತಿಯವರನ್ನು ಅಲ್ಲಿ ಪ್ರಶ್ನಿಸುತ್ತಾರೆ. ಅಂಥ ಸಭೆಗೆ ಮಗುವನ್ನು ಕರೆದೊಯ್ಯಬಹುದು. ಸಾರ್ವಜನಿಕ ಗ್ರಂಥಾಲಯವಿದೆ, ಬೀದಿಯ ಆಟದ ಬಯಲಿದೆ. ಅಲ್ಲಿ ಎಲ್ಲರ ಮಕ್ಕಳೊಡನೆಯೂ ಬೆರೆಯಲು ಮಗುವಿಗೆ ಬಿಡುವಿರಬೇಕು.

ಮತದಾನದ ವಯಸ್ಸು ೧೯೮೯ರಲ್ಲಿ ಇಪ್ಪತ್ತೊಂದರಿಂದ ಹದಿನೆಂಟಕ್ಕೆ ಇಳಿಯಿತು. ಇಂದು ಪಡಸಾಲೆಯಲ್ಲಿ ಕುಳಿತು ಓದುತ್ತಿರುವ ಮಗು ಕೆಲವೇ ವರ್ಷಗಳಲ್ಲಿ ಮತಗಟ್ಟೆಯ ಸಾಲಿನಲ್ಲಿ ನಿಲ್ಲುತ್ತದೆ. ಅದರ ಹಿಂದೆ ಮುಂದೆ ನಿಂತಿರುವವರು ಅದು ಎಂದೂ ಮಾತನಾಡಿಸದ ಜನರಾಗಿದ್ದರೆ, ವಿಧಿಗಳ ಸಂಖ್ಯೆಯನ್ನೆಲ್ಲ ತಪ್ಪಿಲ್ಲದೆ ಒಪ್ಪಿಸಿದರೂ ಕಲಿಕೆ ಅರ್ಧಕ್ಕೇ ನಿಂತಂತೆ. ಪುಸ್ತಕ ಮುಚ್ಚಿದ ಮೇಲೆ ಮನೆಯ ಬಾಗಿಲನ್ನು ತೆರೆಯುವುದೂ ಆ ಪಾಠದ ಭಾಗವೇ.